ಆಸಿಡ್ ಲೈನಿಗೆ ಕಟ್ಟಿದ ಮಾಲೆ

ನಮ್ಮ ಫಿಟ್ಟರ್ ಮೇಸ್ತ್ರಿಯ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಹಿಂದೆ ಕೆಲಸ ಮಾಡಿದ ಕಡೆ, ಪೈಪು ಹೊತ್ತಿದ್ದ ಬ್ರಾಕೆಟ್ ತುಕ್ಕು ತಿಂದು ಮುರಿದು, ಆಸಿಡ್ ಸುರಿದಾಗ ಹೋದದ್ದು. ಆ ಬೋಳು ಬೆರಳನ್ನು ಲೋಹದ ಮೇಲೆ ಆಡಿಸಿ ಅದರ ಹಣೆಬರಹ ಹೇಳುತ್ತಿದ್ದರು. ನನಗೆ ನಗು ಬರುತ್ತಿತ್ತು. ಹೊಸ ಇಂಜಿನಿಯರ್ ಹುಡುಗಿಯ ಸೊಕ್ಕು, ಇನ್ನೇನು.

ಹಗರಿಬೊಮ್ಮನಹಳ್ಳಿ ಹತ್ತಿರದ ನಮ್ಮ ಘಟಕದಲ್ಲಿ ಮಳೆಗಾಲ ಕಳೆದ ಮೇಲೆ ಹೈಡ್ರೋಕ್ಲೋರಿಕ್ ಆಸಿಡ್‌ನ ಹೊಸ ಲೈನ್ ಎಳೆಯಬೇಕಿತ್ತು. ಅದರ ಕೆಳಗೇ ಹೆಂಗಸರು ಕ್ಯಾನ್ ತೊಳೆಯುವ ಜಾಗ. ಬ್ರಾಕೆಟ್‌ಗಳಿಗೆ ನಾನು ನಕ್ಷೆಯಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಎಂದು ಬರೆದೆ.

"ಬೆಳ್ಳಗಿರೋದೆಲ್ಲ ಹಾಲಲ್ಲ, ಮೇಡಮ್ಮಾರ. ಈ ಆಸಿಡ್ಡಿನ ಹೊಗಿ ಸ್ಟೀಲನ್ನೂ ಬಿಡಂಗಿಲ್ಲ. ಫೈಬರ್ ತರಸ್ರಿ" ಎಂದರು ಮೇಸ್ತ್ರಿ.

"ಸ್ಟೀಲಿಗಿಂತ ಫೈಬರ್ ಗಟ್ಟಿ ಅಂತೀರಾ?"

"ನನ್ನ ಮಾತು ಕೇಳಬ್ಯಾಡ್ರಿ. ಆ ಆಸಿಡ್ಡಿನ ಮಾತು ಕೇಳ್ರಿ."

ಮೇಸ್ತ್ರಿಯದು ಹೂವಿನಹಡಗಲಿಯ ಮಲ್ಲಿಗೆ ಕಟ್ಟುವ ಮನೆತನ. ಕಬ್ಬಿಣ, ಸ್ಟೀಲ್, ಫೈಬರ್‌ಗಳ ತುಂಡುಗಳನ್ನು ಪ್ಲಾಸ್ಟಿಕ್ ದಾರದಲ್ಲಿ ಹೂ ಕಟ್ಟುವ ಗಂಟಿನಲ್ಲೇ ಕಟ್ಟಿದರು. ಒಂದರ ಮೈ ಇನ್ನೊಂದಕ್ಕೆ ತಾಗದಷ್ಟು ಅಂತರ. ಸದಾ ಹೊಗೆಯಾಡುವ ಹಳೆಯ ಲೈನಿನ ವಾಲ್ವ್ ಪಕ್ಕ ಮಳೆ ಹಿಡಿಯುವ ಮೊದಲೇ ಆ ಮಾಲೆಯನ್ನು ತೂಗುಹಾಕಿದರು. ಯಾವ ಹೊಸ ಲೈನಿಗೂ ಮೊದಲು ಅವರದು ಇದೇ ಪದ್ಧತಿಯಂತೆ.

ಮಳೆಗಾಲ ಮುಗಿದಾಗ ಮಾಲೆ ಇಳಿಸಿ ನನ್ನ ಕೈಗಿಟ್ಟರು. ಕಬ್ಬಿಣ ಹಪ್ಪಳದ ಹಾಗೆ ಪುಡಿಯಾಯಿತು. ಸ್ಟೀಲ್ ಮಾತ್ರ ಅಲ್ಲಲ್ಲಿ ಕಲೆಯಾಗಿದ್ದರೂ ಇನ್ನೂ ಹೊಳೆಯುತ್ತಿತ್ತು. ನಾನು ಗೆದ್ದವಳಂತೆ ನೋಡಿದೆ.

"ಗಂಟು ಬಿಚ್ಚಿ ಬೆರಳಾಡ್ಸ್ರಿ."

ಬಿಚ್ಚಿದೆ. ದಾರ ಬಿಗಿದಿದ್ದ ಜಾಗದಲ್ಲಿ ಸ್ಟೀಲಿಗೆ ತೂತು ಬಿದ್ದು ಆ ಕಡೆಯ ಬೆಳಕು ಕಂಡಿತು. ಫೈಬರ್ ಹಾಕಿದ್ದ ಹಾಗೇ ಇತ್ತು.

"ಬಿಗಿ ಹಿಡದಲ್ಲೇ ಮೊದಲು ತಿಂತೈತಿ, ಯವ್ವಾ. ಪೈಪಿಗೆ ಬ್ರಾಕೆಟ್ ಬಿಗಿದಲ್ಲೂ ಹಿಂಗ. ಮ್ಯಾಲೆ ನೋಡಿದ್ರ ಕಾಣಂಗಿಲ್ಲ."

ಕೆಳಗೆ ಹೆಂಗಸರು ನಗುತ್ತಾ ಕ್ಯಾನ್ ತೊಳೆಯುತ್ತಿದ್ದರು. ನಾನು ಬರೆದ ಲೈನ್ ಅವರ ತಲೆಯ ಮೇಲೇ ಬರುವುದಿತ್ತು. ಇಷ್ಟು ದಿನ ನಾನು ನಗೆಯಾಡಿದ್ದ ಮೇಸ್ತ್ರಿಯ ಆ ಬೋಳು ಬೆರಳಿಗೆ ಕೈಮುಗಿಯಬೇಕೆನಿಸಿತು. ಅವರು ಆಗಲೇ ಸ್ಪ್ಯಾನರ್ ಎತ್ತಿಕೊಂಡು ಹೊರಟಿದ್ದರು. ಅವತ್ತೇ ನಕ್ಷೆಯಲ್ಲಿ ಸ್ಟೀಲ್ ಎಂಬುದನ್ನು ಹೊಡೆದುಹಾಕಿ ಫೈಬರ್ ಎಂದು ಬರೆದೆ.

ಮೇಸ್ತ್ರಿ ತೀರಿಕೊಂಡು ಎರಡು ವರ್ಷವಾಯಿತು. ಹೊಸ ಲೈನ್ ಎಂದರೆ ಈಗ ನಾನೇ ಮಾಲೆ ಕಟ್ಟುತ್ತೇನೆ. ಗಂಟು ಅವರಷ್ಟು ಚೆಂದ ಬರುವುದಿಲ್ಲ. ಅವರು ಕೂರಿಸಿದ ಬ್ರಾಕೆಟ್‌ಗಳ ಕೆಳಗೆ ಹೆಂಗಸರು ಇವತ್ತಿಗೂ ಹರಟುತ್ತಾ ಕ್ಯಾನ್ ತೊಳೆಯುತ್ತಾರೆ. ಒಬ್ಬರೂ ತಲೆಯೆತ್ತಿ ಪೈಪಿನತ್ತ ನೋಡುವುದಿಲ್ಲ.