ಹದಿಮೂರಲ್ಲ, ಮೂರು: ಹರಿಹರದ ರೇಡಿಯೊ ಕೋಣೆಯ ಚೌಡೇಶ್ವರಿ

ಹೊಳೆಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಹರಿಹರದ ಹೊರಗೆ, ಹಳೆಯ ಕಾರ್ಖಾನೆಯೊಂದು ಬಿಟ್ಟುಹೋದ ರನ್‌ವೇ ಪಕ್ಕದ ಒಂಟಿ ಕೋಣೆಯ ಬೀಗ ತೆಗೆದು ಚೌಡೇಶ್ವರಿ ಒಳಗೆ ಬರುತ್ತಾರೆ. ಲೈಟು ಹಾಕುವ ಮೊದಲೇ ಅವರ ಕಣ್ಣು ಹೋಗುವುದು ಗೋಡೆಯ ಮೇಲಿನ ವಾಯುಭಾರ ಮಾಪಕದ ಕಡೆಗೆ. ಪಕ್ಕದಲ್ಲೇ ಹೊಸ ಡಿಜಿಟಲ್ ಮಾಪಕವೂ ಇದೆ. ಎರಡರ ಅಂಕಿಗಳೂ ಒಂದಕ್ಕೊಂದು ಒಪ್ಪಬೇಕು. ಒಪ್ಪದಿದ್ದರೆ ಅಂದು ಒಂದು ವಿಮಾನವೂ ಏಳುವುದಿಲ್ಲ.

ಇಂದು ಒಪ್ಪಿವೆ. ಹೊರಗೆ ಬಂದು ಕಂಬದ ತುದಿಯ ಗಾಳಿಚೀಲ ಯಾವ ಕಡೆ ವಾಲಿದೆ ನೋಡುತ್ತಾರೆ, ರನ್‌ವೇ ಮೇಲೆ ಮಲಗಿದ ಎಮ್ಮೆಯೊಂದನ್ನು ಹೆಸರು ಹಿಡಿದು ಬೈದು ಎಬ್ಬಿಸುತ್ತಾರೆ. ಅಷ್ಟರಲ್ಲಿ ಇಲ್ಲಿನ ಪೈಲಟ್ ತರಬೇತಿ ಶಾಲೆಯ ಮೊದಲ ಪುಟ್ಟ ವಿಮಾನ ಗುರುಗುಟ್ಟುತ್ತದೆ. ಚೌಡೇಶ್ವರಿ ಮೈಕು ಹಿಡಿದು ಗಾಳಿಯ ದಿಕ್ಕು, ಒತ್ತಡದ ಅಂಕಿ ಎರಡನ್ನೂ ನಿಯಮದಂತೆ ಇಂಗ್ಲಿಷಿನಲ್ಲಿ ಹೇಳುತ್ತಾರೆ. ಅತ್ತಲಿಂದ ಎಳೆಯ ದನಿ, "ಓಕೆ ಮೇಡಂ" ಎನ್ನುತ್ತದೆ. ಇವರು ಬಿಡುವುದಿಲ್ಲ. ಅಂಕಿಯನ್ನು ಆ ಹುಡುಗ ಒಂದೊಂದಾಗಿ ಮರಳಿ ಹೇಳಿದ ಮೇಲೆಯೇ ಮೈಕು ಕೆಳಗಿಡುತ್ತಾರೆ.

"ಓಕೆ ಅಂದ್ರೆ ನಂಗೆ ಏನೂ ತಿಳಿಯಂಗಿಲ್ರಿ" ಎನ್ನುತ್ತಾರೆ. "ವಿಮಾನದಾಗ ಎತ್ತರ ತೋರಿಸೋ ಗಡಿಯಾರ ಐತೆ. ಅದು ಗಾಳಿಯ ಭಾರ ನೋಡಿ ಎತ್ತರ ಹೇಳ್ತೈತೆ. ಭಾರ ದಿನಾ ಬದಲಾಗ್ತೈತೆ, ಅದಕ್ಕ ಇವತ್ತಿನ ಅಂಕಿ ನಾವು ಹೇಳಬೇಕು. ಒಂದು ಅಂಕಿ ತಪ್ಪಿದ್ರೆ ಹತ್ತಿರ ಹತ್ತಿರ ಮೂವತ್ತು ಅಡಿ ತಪ್ಪಿದಂಗೆ. ಮೂವತ್ತು ಅಡಿ ಅಂದ್ರೆ ಒಂದು ತೆಂಗಿನ ಮರ."

ಪೈಲಟ್ ಆಗಲು ಬಂದವರಿಗೆ ಅವರು ಬಹಳ ಕಾಲ ಬರೀ ಒಂದು ದನಿ. ವಿಮಾನಗಳ ಶೆಡ್ಡು ರನ್‌ವೇಯ ಆ ತುದಿಗೆ, ಈ ಕೋಣೆ ಈ ತುದಿಗೆ. 'ಹರಿಹರ ರೇಡಿಯೊ' ಎಂದು ಕರೆದರೆ ಉತ್ತರ ಬರುತ್ತದೆ. ಕಲಿತು, ಪರವಾನಗಿ ಪಡೆದು ದೊಡ್ಡ ವಿಮಾನ ಹತ್ತಿದ ಎಷ್ಟೋ ಜನ ಈ ದನಿಯ ಮುಖವನ್ನೇ ನೋಡಿಲ್ಲ.

ಚೌಡೇಶ್ವರಿ ಕೊಕ್ಕನೂರಿನವರು. ಹರಿಹರದಲ್ಲಿ ಪಿಯುಸಿ ಮುಗಿಸುತ್ತಲೇ ಲೇತ್ ಕೆಲಸಗಾರ ಮಾರುತಿಯ ಜೊತೆ ಮದುವೆಯಾಯಿತು. ಗಂಡ ದುಡಿಯುತ್ತಿದ್ದ ಘಟಕ ಬಾಗಿಲು ಹಾಕಿದ ವರ್ಷ, ಇದೇ ಕೋಣೆಯನ್ನು ಗುಡಿಸಿ ಒರೆಸುವ ಕೆಲಸಕ್ಕೆ ಬಂದರು. ಆಗ ರೇಡಿಯೊ ನೋಡುತ್ತಿದ್ದವರು ಮಕ್ತುಮ್ ಸಾಬ್, ಬಿಳಿ ಗಡ್ಡದ, ಮೆಲುಮಾತಿನ ಮನುಷ್ಯ. ಒಂದು ದಿನ ಚೌಡೇಶ್ವರಿ ಕಸಬರಿಗೆ ಕೈಯಲ್ಲಿ ಹಿಡಿದೇ ಅವರನ್ನು ಕೇಳಿದರಂತೆ: "ಒಂದು ಸಲ ಹೇಳಿದ್ದನ್ನ ಅವರ ಬಾಯಾಗೂ ಯಾಕ ಹೇಳಿಸ್ತೀರಿ, ಸಾಬ್ರೆ?"

"ನಾನು ಆಡಿದ್ದಕ್ಕೆ ಮಾತು ಮುಗಿಯಲ್ಲ ಬೇಟಿ" ಎಂದರು ಸಾಬರು. "ಅವನು ಏನು ಕೇಳಿಸ್ಕೊಂಡ ಅಂತ ನನಗೆ ಗೊತ್ತಾದ ಮೇಲೆ ಮುಗೀತು."

ಆ ಉತ್ತರ ಮನಸ್ಸಿಗೆ ನಾಟಿತು. ಮಧ್ಯಾಹ್ನದ ಬಿಡುವಿನಲ್ಲಿ ಸಾಬರು ಹೇಳಿಕೊಟ್ಟರು, ಇವರು ಕಲಿತರು. ರೇಡಿಯೊ ಪರವಾನಗಿಯ ಪರೀಕ್ಷೆಯಲ್ಲಿ ಬರವಣಿಗೆ ಸಲೀಸಾಗಿ ಆಯಿತು. ಇಂಗ್ಲಿಷಿನಲ್ಲಿ ಮಾತಾಡುವಲ್ಲಿ ನಾಲಿಗೆ ತೊಡರಿತು. ಎರಡು ಬಾರಿ ಫೇಲು. ರೊಟ್ಟಿ ತಟ್ಟುವಾಗ, ಬಸ್ಸಿನಲ್ಲಿ ನಿಂತಾಗ ಅಂಕಿಗಳನ್ನೇ ಜಪ ಮಾಡಿದರು. "ಬಸ್ಸಿನಾಗ ಪಕ್ಕದಾಕಿ ಎದ್ದು ಬ್ಯಾರೆ ಸೀಟಿಗೆ ಹೋದ್ಲು" ಎಂದು ನಗುತ್ತಾರೆ. ಮೂರನೆಯ ಬಾರಿ ಪಾಸಾದಾಗ ಮಕ್ತುಮ್ ಸಾಬರು ತಮ್ಮ ಕುರ್ಚಿ ಬಿಟ್ಟು ಎದ್ದು, "ಕೂಡ್ರಿ ಮೇಡಂ" ಅಂದರು. ಕೂರಲು ಇವರಿಗೆ ಬಹಳ ಹೊತ್ತು ಹಿಡಿಯಿತು.

ಆ ಕುರ್ಚಿಯಲ್ಲಿ ಕೂತು ಅವರು ಕಂಡ ಅತಿ ಕಷ್ಟದ ಬೆಳಗು ಮೂರು ವರ್ಷದ ಹಿಂದಿನ ಆಷಾಢದ್ದು.

ಸ್ವಾತಿ ಎಂಬ ವಿದ್ಯಾರ್ಥಿನಿ ಒಬ್ಬಳೇ ದೂರದ ಊರಿಗೆ ಹಾರಿ ಮರಳುತ್ತಿದ್ದಳು. ಬಹಳ ಎತ್ತರದಲ್ಲಿ ಹಾರುವವರು ಎತ್ತರದ ಗಡಿಯಾರದಲ್ಲಿ ಎಲ್ಲರಿಗೂ ಒಂದೇ ಇರಲೆಂದು ಗೊತ್ತುಮಾಡಿದ ಸಾವಿರದ ಹದಿಮೂರು ಎಂಬ ಅಂಕಿ ಇಟ್ಟುಕೊಳ್ಳುತ್ತಾರೆ. ಇಳಿಯುವಾಗ ಅದನ್ನು ಆ ಊರಿನ ಅಂದಿನ ಅಂಕಿಗೆ ತಿರುಗಿಸಬೇಕು. ಮಳೆಮೋಡ ಕವಿದ ಆ ದಿನ ಹರಿಹರದ ಅಂಕಿ ಸಾವಿರದ ಮೂರು. ತಿರುಗಿಸದೆ ಇಳಿದರೆ, ಗಡಿಯಾರ ತೋರಿಸುವುದಕ್ಕಿಂತ ವಿಮಾನ ಮುನ್ನೂರು ಅಡಿಯಷ್ಟು ಕೆಳಗಿರುತ್ತದೆ. ಕೆಳಗೆ ಕಾರ್ಖಾನೆ ಚಿಮಣಿಗಳಿವೆ, ವಿದ್ಯುತ್ ತಂತಿಗಳಿವೆ.

ಸ್ವಾತಿ ಕರೆಯಬೇಕಾದ ಹೊತ್ತು ಮೀರಿತು. ಚೌಡೇಶ್ವರಿ ಕರೆದರು, ಮತ್ತೆ ಕರೆದರು. ಉತ್ತರವಿಲ್ಲ. ಆಗ ದೂರದ ರೇಡಾರ್ ಕೇಂದ್ರದಿಂದ ನೌಮಾನ್ ಎಂಬ ನಿಯಂತ್ರಕರ ಫೋನು ಬಂತು.

"ಮೇಡಂ, ನಿಮ್ಮ ವಿಮಾನ ಏಳು ಆರು ಸೊನ್ನೆ ಸೊನ್ನೆ ಹಾಕೈತಿ."

ಪ್ರತಿ ವಿಮಾನದಲ್ಲೂ ರೇಡಾರಿಗೆ ಓಗೊಡುವ ಟ್ರಾನ್ಸ್‌ಪಾಂಡರ್ ಎಂಬ ಪೆಟ್ಟಿಗೆ ಇರುತ್ತದೆ. ಅದರಲ್ಲಿ ಪೈಲಟ್ ಹಾಕುವ ನಾಲ್ಕಂಕಿಯ ಗುರುತು. ನೌಮಾನ್ ಹೇಳಿದ ಗುರುತಿನ ಅರ್ಥ ಒಂದೇ: ರೇಡಿಯೊ ಕೆಟ್ಟಿದೆ.

ತರಬೇತುದಾರ ಅರುಣ್ ಕುಮಾರ್ ಓಡಿ ಬಂದರು. ಚೌಡೇಶ್ವರಿ ಮೈಕು ಚಾಚಿದರು. ಅವರು ತೆಗೆದುಕೊಳ್ಳಲಿಲ್ಲ. "ನೀವೇ ಮಾತಾಡಿ ಅಕ್ಕ. ದಿನಾ ಕೇಳೋ ದನಿ ನಿಮ್ದು. ಆಕೆಗೆ ಧೈರ್ಯ ಬರುತ್ತೆ."

ಸ್ವಾತಿಗೆ ಮಾತಾಡಲು ಆಗದಿದ್ದರೂ ಇವರ ದನಿ ಕೇಳಿಸುತ್ತಿರಬಹುದು. ಆ ಪೆಟ್ಟಿಗೆಯಲ್ಲಿ 'ಐಡೆಂಟ್' ಎಂಬ ಗುಂಡಿಯಿದೆ. ಒತ್ತಿದರೆ ರೇಡಾರ್ ಪರದೆಯ ಮೇಲೆ ಆ ವಿಮಾನದ ಚುಕ್ಕೆ ಮಿನುಗುತ್ತದೆ. ಒಂದು ಕಿವಿಗೆ ಫೋನು, ಬಾಯಿಗೆ ಮೈಕು. ಮೊದಲು ಇಂಗ್ಲಿಷ್, ಹಿಂದೆಯೇ ಕನ್ನಡ: "ಸ್ವಾತಿ, ನನ್ನ ಮಾತು ಕೇಳ್ತಿದ್ರೆ ಐಡೆಂಟ್ ಒತ್ತವ್ವ."

"ಮಿನುಗಿತು" ಎಂದರು ನೌಮಾನ್.

ಅರುಣ್ ಕುಮಾರ್ ಪಕ್ಕದಲ್ಲಿ ನಿಂತು ದಾರಿ ಸೂಚಿಸಿದರು. ಹೊಳೆದಂಡೆಯ ಉಕ್ಕಡಗಾತ್ರಿ ಕಡೆ ಮೋಡ ಒಡೆದಿತ್ತು. ಹೊಳೆ ಕಾಣುತ್ತಿದ್ದರೆ ಒತ್ತು ಎಂದರು ಚೌಡೇಶ್ವರಿ, ಚುಕ್ಕೆ ಮಿನುಗಿತು. ಅಲ್ಲಿ ಇಳಿದು ಹೊಳೆಗುಂಟ ಬರಬೇಕು. ಎಷ್ಟು ಎತ್ತರಕ್ಕಿಂತ ಕೆಳಗೆ ಬರಕೂಡದು ಎಂಬುದನ್ನೂ, ಒತ್ತಡದ ಅಂಕಿಯನ್ನೂ ಹೇಳಿ, ಅಂಕಿ ಇಟ್ಟುಕೊಂಡರೆ ಒತ್ತು ಎಂದರು. ಮಿನುಗಿತು. ಎಲ್ಲರೂ ಉಸಿರು ಬಿಟ್ಟರು.

ಚೌಡೇಶ್ವರಿ ಬಿಡಲಿಲ್ಲ. ರೇಡಾರ್ ಪರದೆಗೆ ವಿಮಾನದ ಎತ್ತರ ತಿಳಿಯುತ್ತದೆ. ಒಳಗಿರುವವಳು ಯಾವ ಅಂಕಿ ಇಟ್ಟುಕೊಂಡಿದ್ದಾಳೆ ಎಂಬುದು ತಿಳಿಯುವುದಿಲ್ಲ. "ಆಕಿ ಬಾಯಾಗಿಂದ ನಾನು ಕೇಳಿರಲಿಲ್ಲಲ್ರಿ" ಎನ್ನುತ್ತಾರೆ ಈಗ. "ಎದಿ ಒಪ್ಪಲಿಲ್ಲ."

ಮತ್ತೆ ಮೈಕು ಒತ್ತಿದರು. "ನಾ ಅಂಕಿ ಕೇಳ್ತೀನಿ. ನಿನ್ನ ಮುಂದ ಅದೇ ಇದ್ರೆ ಒತ್ತು, ಇಲ್ದಿದ್ರೆ ಸುಮ್ನಿರು. ಸಾವಿರದ ಹದಿಮೂರು ಐತಾ?"

ಫೋನಿನಲ್ಲಿ ನೌಮಾನ್ ದನಿ ಸಣ್ಣದಾಯಿತು. "ಮೇಡಂ... ಮಿನುಗಿತು."

ಇಂಗ್ಲಿಷಿನಲ್ಲಿ 'ಒಂದು, ಸೊನ್ನೆ, ಸೊನ್ನೆ, ಮೂರು' ಎಂದು ಬಿಡಿಬಿಡಿಯಾಗಿ ಹೇಳಿದ್ದರಲ್ಲಿ, ಗರಗರ ಸದ್ದಿನ ನಡುವೆ ಎರಡನೆಯ ಸೊನ್ನೆ 'ಒಂದು' ಎಂದು ಕೇಳಿಸಿತ್ತು. ಗಡಿಯಾರದಲ್ಲಿ ಮೊದಲೇ ಅದೇ ಅಂಕಿ ಇದ್ದುದರಿಂದ ಸ್ವಾತಿಗೆ ಅನುಮಾನವೂ ಬಂದಿರಲಿಲ್ಲ.

"ಹದಿಮೂರಲ್ಲ ಸ್ವಾತಿ. ಮೂರು. ಸಾವಿರದ ಮೂರು. ನಿಧಾನಕ್ಕ ತಿರುಗಿಸು. ನಾ ಇಲ್ಲೇ ಅದೀನಿ." ಸ್ವಲ್ಪ ತಡೆದು ಕೇಳಿದರು: "ಈಗ ಹದಿಮೂರು ಐತಾ?" ಚುಕ್ಕೆ ಸುಮ್ಮನಿತ್ತು. "ಮೂರು ಐತಾ?"

"ಮಿನುಗಿತು. ಚೆನ್ನಾಗಿ ಮಿನುಗಿತು" ಎಂದರು ನೌಮಾನ್. ತುಸು ಹೊತ್ತಿಗೆ ಅವರೇ ಹೇಳಿದರು: "ಇನ್ನ ಕೆಳಗ ಇಳಿದ್ರ ನನಗ ಕಾಣಂಗಿಲ್ಲ. ಮುಂದಿಂದು ನಿಮ್ದು."

ಚೌಡೇಶ್ವರಿ ಇಳಿಯಬಹುದು ಎಂದು ವಿಮಾನಕ್ಕೆ ತೋರಿಸುವ ಹಸಿರು ದೀಪದ ಬಂದೂಕು ಎತ್ತಿಕೊಂಡು ಹೊರಗೆ ಬಂದು ನಿಂತರು. ಜಿನುಗುಮಳೆ. ಮೊದಲು ಸದ್ದು, ಆಮೇಲೆ ಮೋಡದಡಿ ಹೊಳೆಯ ಮೇಲಿಂದ ಬಿಳಿ ರೆಕ್ಕೆ. ಚಿಮಣಿಗಳಿಗಿಂತ ಬಹಳ ಮೇಲೆ. ಇವರು ದೀಪ ಹಿಡಿದರು, ವಿಮಾನ ರೆಕ್ಕೆ ಅಲುಗಿಸಿ ಕಂಡಿತೆಂದು ತಿಳಿಸಿತು, ನೆಲ ಮುಟ್ಟಿತು.

ಮೈಕಿನ ತಂತಿ ಒಳಗೇ ತುಂಡಾಗಿತ್ತಂತೆ. ಸ್ವಾತಿ ಶೆಡ್ಡಿಗೆ ಹೋಗದೆ ರನ್‌ವೇ ಉದ್ದಕ್ಕೂ ನಡೆದು ಈ ಕೋಣೆಗೆ ಬಂದಳು. ಬಾಗಿಲಲ್ಲಿ ನಿಂತು, "ನೀವಾ?" ಅಂದಳು. ಚೌಡೇಶ್ವರಿ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟರು.

ಅಂದಿನಿಂದ ಶಾಲೆಯಲ್ಲಿ ಒಂದು ಬದಲಾವಣೆ. ಹೊಸದಾಗಿ ಸೇರಿದವರು ವಿಮಾನ ಹತ್ತುವ ಮೊದಲು ಒಂದು ಬೆಳಗು ಚೌಡೇಶ್ವರಿಯವರ ಪಕ್ಕ ಕೂರಬೇಕು. ಸ್ವಾತಿ ಈಗ ಅಲ್ಲೇ ಕಿರಿಯ ತರಬೇತುದಾರಳು; ಹೊಸಬರನ್ನು ಕರೆತರುವವಳು ಅವಳೇ. ದಾವಣಗೆರೆಯ ಕಾಲೇಜಿನ ಇಬ್ಬರು ಹುಡುಗಿಯರು ರೇಡಿಯೊ ಪರೀಕ್ಷೆಗೆ ಓದುತ್ತಿದ್ದಾರೆ, ಚೌಡೇಶ್ವರಿಯವರ ಹತ್ತಿರ ಭಾನುವಾರ ಪಾಠ. "ಮಾತು ತೊದಲಿದ್ರೆ ಹೆದರಬ್ಯಾಡ್ರಿ ಅಂತ ಮೊದಲು ಅದನ್ನೇ ಹೇಳ್ತೀನಿ" ಎನ್ನುತ್ತಾರೆ.

ನಿಮ್ಮ ಕೆಲಸ ಏನೆಂದು ಊರಿನಲ್ಲಿ ಗೊತ್ತಿದೆಯೇ ಎಂದರೆ ಚೌಡೇಶ್ವರಿ ಇಲ್ಲವೆಂದು ತಲೆ ಅಲ್ಲಾಡಿಸುತ್ತಾರೆ. ಕೊಕ್ಕನೂರಿನಲ್ಲಿರುವ ಅವರ ತಾಯಿ ತಿಮ್ಮವ್ವನಿಗೆ ಎಷ್ಟು ಬಿಡಿಸಿ ಹೇಳಿದರೂ ಅರ್ಥವಾಗಿಲ್ಲ. ಹೋದ ತಿಂಗಳು ಜೋಳದ ಹೊಲದ ಮೇಲೆ ವಿಮಾನವೊಂದು ಹಾದುಹೋದಾಗ ಮಾತ್ರ ಆ ಮುದುಕಿ ಸೊಂಟ ನೆಟ್ಟಗೆ ಮಾಡಿ ನಿಂತು, ಪಕ್ಕದ ಸಾಲಿನ ಹೆಂಗಸರಿಗೆ ಹೇಳಿದಳಂತೆ:

"ಸುಮ್ನೆ ಹೋಗಂಗಿಲ್ಲ ಅದು. ನಮ್ಮ ಚೌಡಿಗೆ ಹೇಳಿ ಹೋಗ್ತೈತೆ."