ಅವ್ವನಿಗೆಂದು ಬಿಟ್ಟ ಸಾಲು

ಡೆವನ್ ಅವೆನ್ಯೂದ ಇಂಡಿಯನ್ ಅಂಗಡಿಯಿಂದ ತಂದ ಗುರೆಳ್ಳು ಹುರಿಯುವಾಗ ಮೊದಲ ಘಮಕ್ಕೇ ಅವ್ವ ನೆನಪಾಗುತ್ತಾಳೆ. ಅವಳ ಹಿಂದೆಯೇ ಶಿಕಾಗೋದ ಪಶ್ಚಿಮಕ್ಕೆ ಎರಡು ತಾಸಿನ ದಾರಿಯಲ್ಲಿದ್ದ ನಮ್ಮ ಹಳ್ಳಿಗಾಡಿನ ಟೌನ್‌ಶಿಪ್ ಬರುತ್ತದೆ. ಎತ್ತ ನೋಡಿದರೂ ಬಯಲು; ಮನೆಗಳಿಗಿಂತ ಕಾಳಿನ ಉಗ್ರಾಣಗಳೇ ಹೆಚ್ಚು; ನೆರೆಮನೆಯೆಂದರೆ ಒಂದು ಮೈಲಿ. ಅಪ್ಪ ಅಲ್ಲಿನ ಒಬ್ಬನೇ ಡಾಕ್ಟರು, ನಮ್ಮದು ಒಂದೇ ಕನ್ನಡದ ಮನೆ. ಆ ಖಾಲಿತನವನ್ನು ಬೈದುಕೊಂಡೇ ಬೆಳೆದೆ. ಅದರ ಋಣ ಈಗ ತಿಳಿಯುತ್ತದೆ.

ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ, ಮಾಡಿದ ಅಡುಗೆಯನ್ನು ಪೈರಿನ ನಡುವೆ ಎರಚಿ ಭೂಮಿತಾಯಿಗೆ ಚರಗ ಚೆಲ್ಲಿ, ಆಮೇಲೆ ತಾವು ಉಣ್ಣುವುದು ಕಲಬುರ್ಗಿ ಕಡೆಯ ಅವ್ವನ ರೂಢಿ. ಇಲ್ಲಿ ಆ ಹೊತ್ತಿಗೆ ಕೊಯ್ಲು ಮುಗಿದು ಹಿಮ ಬಿದ್ದಿರುತ್ತದೆ. "ಪೀಕಿಲ್ಲದ ಬರೇ ಹೊಲಕ್ಕ ಏನ್ ಚರಗ ಚೆಲ್ಲೂದು?" ಎಂದು ಮೊದಲ ವರ್ಷ ಮೋರೆ ಇಳಿಬಿಟ್ಟಳು. ಕಡೆಗೆ, ರಸ್ತೆಗೆ ಹಿಮ ಹಾರಿಬರದಿರಲೆಂದು ನೆರೆಯ ಡೇಲ್ ಅಂಕಲ್ ಕೊಯ್ಯದೆ ಬಿಟ್ಟಿದ್ದ ಮೆಕ್ಕೆಜೋಳದ ಸಾಲು ಕಣ್ಣಿಗೆ ಬಿತ್ತು. ಸೀರೆಯ ಮೇಲೆ ಜಾಕೆಟ್ಟು ತೊಟ್ಟ ಅವ್ವ ಹೇಳದೆ ಕೇಳದೆ ಒಳಹೊಕ್ಕು ರೊಟ್ಟಿ, ಬಜ್ಜಿ ಎರಚುತ್ತಿದ್ದರೆ ಅವರೇ ಟ್ರಕ್ಕು ನಿಲ್ಲಿಸಿ ಇಳಿದುಬಂದರು. ಇನ್ನು ಬೈಗುಳ ಗ್ಯಾರಂಟಿ ಅಂದುಕೊಂಡೆ. ಜಿಂಕೆಗೆ ಹಾಕುತ್ತಿದ್ದೀರಾ ಎಂದು ಕೇಳಿದರು. ನೆಲಕ್ಕೆ ಊಟ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಟೋಪಿ ತೆಗೆದು ನಿಂತರು. ಅವ್ವ ಅವರ ಕೈಗೂ ರೊಟ್ಟಿ ಇಟ್ಟು "ಉಣ್ರಿ" ಅಂದಳು. ಮರುವರ್ಷದಿಂದ ಒಂದಿಷ್ಟು ಸಾಲು ಅವ್ವನಿಗೆಂದೇ ನಿಂತವು. ಅವಳು "ಉಣ್ರಿ" ಅನ್ನುವವರೆಗೆ ಆ ಮನುಷ್ಯ ತುತ್ತು ಮುಟ್ಟುತ್ತಿರಲಿಲ್ಲ.

ಅಪ್ಪನ ಕ್ಲಿನಿಕ್ ಮುಚ್ಚಿತು, ಮನೆಯನ್ನು ಕೊಂಡವರು ಕೆಡವಿದರು, ಅಪ್ಪ ಅವ್ವ ನನ್ನ ಜೊತೆ ಇರಲು ಕ್ಯಾಂಟನ್ ಪಟ್ಟಣಕ್ಕೆ ಬಂದರು. ಆಮೇಲೂ ಅವ್ವ ವರ್ಷಕ್ಕೊಮ್ಮೆ ಹಟ ಹಿಡಿದು ಅಲ್ಲಿಗೆ ಕಾರು ಹತ್ತುತ್ತಿದ್ದಳು. ಹೋದ ಬೇಸಿಗೆಯಲ್ಲಿ ಅವಳು ತೀರಿಕೊಂಡಳು. ಅವಳ ಹೆಸರಲ್ಲಿ ಒಮ್ಮೆ ಅಲ್ಲೇ ಚರಗ ಚೆಲ್ಲಬೇಕೆಂಬ ಹಂಬಲ. ಆದರೆ ಡೇಲ್ ಅಂಕಲ್ ಹೊಲವೆಲ್ಲ ಸೋಲಾರ್ ಕಂಪನಿಯವರ ಪಾಲಾಯಿತೆಂದು ಸುದ್ದಿ. ಫೋನ್ ಮಾಡಿದೆ, "ಬಾ" ಎಂದಷ್ಟೇ ಹೇಳಿದರು. ಪೀಕು ಇದೆಯೇ ಎಂದು ಕೇಳಲು ಬಾಯಿ ಬರಲಿಲ್ಲ.

ದಾರಿಯುದ್ದಕ್ಕೂ ಸೋಲಾರ್ ಹಲಗೆಗಳೇ. ಡೇಲ್ ಅಂಕಲ್ ಕೋಲೂರಿಕೊಂಡು ನನ್ನನ್ನು ಹಿತ್ತಲಿಗೆ ಕರೆದೊಯ್ದರು. ಟೊಮೆಟೊ ಬೆಳೆಯುತ್ತಿದ್ದ ಜಾಗದಲ್ಲಿ ಒಣಗಿದ ಮೆಕ್ಕೆಜೋಳ ಹಿಮದೊಳಗೆ ನೆಟ್ಟಗೆ ನಿಂತಿತ್ತು. "ನಿಮ್ಮಮ್ಮಂಗೆ ಅಂತ ಬಿತ್ತಿದ್ದೆ. ಅವರು ಹೋದ್ಮೇಲೂ ಕೊಯ್ಯೋಕೆ ಮನಸ್ಸು ಬರಲಿಲ್ಲ," ಅಂದರು. ನಾನು ಅತ್ತುಬಿಟ್ಟೆ. ಚರಗ ಚೆಲ್ಲಿ ಅವರ ಕೈಗೆ ರೊಟ್ಟಿ ಕೊಟ್ಟೆ. ಅವರು ತಿನ್ನದೆ, ಟೋಪಿ ಕಂಕುಳಲ್ಲಿಟ್ಟುಕೊಂಡು, ನನ್ನ ಮುಖವನ್ನೇ ನೋಡುತ್ತ ನಿಂತರು. ಯಾಕೆಂದು ಒಂದು ಗಳಿಗೆ ತಿಳಿಯಲಿಲ್ಲ. ಆಮೇಲೆ ಹೇಳಿದೆ.

"ಉಣ್ರಿ, ಅಂಕಲ್."