ಜಳಕದ ಮೇಲೊಂದು ಜಳಕ

“ಸಬಕಾರ ಹೋಗವಲ್ತವ್ವಾ, ಇನ್ನೊಂದ್ ಬಕೇಟ್ ನೀರ ಬಾಗಲದಾಗ ಇಡು!” ಬಚ್ಚಲಿನಿಂದ ಮಾವನವರು ಹೀಗೆ ಕೂಗಿದ್ದು ಅದು ನಾಲ್ಕನೇ ಸಲ. ದೊಡವಾಡದ ನಮ್ಮ ಮನೆಗೆ ಗಡಸು ನೀರನ್ನು ಮೆದು ಮಾಡುವ ಯಂತ್ರ ಬಂದು ಒಂದೇ ದಿನವಾಗಿತ್ತು. ಕುಡಿಯುವ ನೀರಿಗೆ ಫಿಲ್ಟರ್ ಇದ್ದರೆ ಸಾಕು ಎಂದಿದ್ದರು ಮಾವ. ಬೋರಿನ ನೀರಿಗೆ ಗೀಸರ್ ಎರಡು ಸಲ ಸುಟ್ಟುಹೋಗಿತ್ತೆಂದು ಹಟ ಹಿಡಿದು ಯಂತ್ರ ತರಿಸಿದವಳು ನಾನು. ಮೈಮೇಲೆ ಸಾಬೂನು ಉಳಿದರೆ ಅವರು ಲಿಂಗಪೂಜೆಗೆ ಕುಳಿತುಕೊಳ್ಳುವುದಿಲ್ಲ. ಪೂಜೆಯಾಗದೆ ಮನೆಯಲ್ಲಿ ಯಾರಿಗೂ ನಾಷ್ಟಾ ಇಲ್ಲ. ಉಪ್ಪಿಟ್ಟು ಆರಿ ಹೋಗುತ್ತಿತ್ತು.

ಗಾಬರಿಯಾಗಿ ಯಂತ್ರ ಕೂಡಿಸಿಹೋದ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. “ಸಬಕಾರ ಯಾವಾಗೋ ಹೋಗಿರ್ತೈತ್ರೀ ಅಕ್ಕಾರ. ಮೆತ್ತನ ನೀರಾಗ ಮೈ ಹಂಗ ನುಣ್ಣಗ ಅನಸ್ತೈತಿ” ಎಂದು ನಕ್ಕ. ಅದನ್ನೇ ಬಚ್ಚಲ ಬಾಗಿಲಲ್ಲಿ ನಿಂತು ಒಪ್ಪಿಸಿದೆ.

“ಎಪ್ಪತ್ತ ವರ್ಷ ಜಳಕಾ ಮಾಡೇನಿ, ನನಗ ಕಲಿಸಬ್ಯಾಡ. ಹಿತ್ತಲ ನಳದಾಗಿಂದ ಬೋರಿನ ನೀರ ತಗೊಂಡ್ ಬಾ!”

ಅದನ್ನು ಒಂದೇ ಬಕೆಟ್ ಸುರಿದುಕೊಂಡರು. ಮೈ ಮೊದಲಿನಂತೆ ಒರಟಾಗುತ್ತಲೇ ಯುದ್ಧ ಗೆದ್ದವರಂತೆ ಹೊರಬಂದರು.

ಈಗ ನಮ್ಮ ಬಚ್ಚಲಿನಲ್ಲಿ ದಿನಾಲೂ ಎರಡು ಬಕೆಟ್. ಮೊದಲು ಯಂತ್ರದ ನೀರಿನಲ್ಲಿ ಜಳಕ. ಆಮೇಲೆ ಆ ನೀರನ್ನು ತೊಳೆದುಕೊಳ್ಳಲು ಬೋರಿನ ನೀರು.